ಹೊರಗಿನ ಚಿಲಕ

ಚಿಲಕ ಬಿದ್ದದ್ದು ಹೊರಗಿನಿಂದ. ಬೇಕರಿಯ ಮುದುಕಿ ಹಾಸಿಗೆಯಿಂದ ಎದ್ದು ಬಾಗಿಲು ಎಳೆದಳು. ಅದು ಅಲ್ಲಾಡಲಿಲ್ಲ.

"ಏನೇ ಇದು?"

"ರಿಪೋರ್ಟ್ ಬಂತು, ಅತ್ತೆ," ಎಂದಳು ಸೊಸೆ, ಬಾಗಿಲ ಆಚೆಯಿಂದ. "ನಿಮಗೆ ಕೊರೊನಾ. ಹೊರಗೆ ಬರೋ ಹಾಗಿಲ್ಲ."

"ನನಗಾ? ಬ್ರೆಡ್ ಬೆಂದಿದ್ಯೋ ಇಲ್ವೋ ಅಂತ ಇಲ್ಲಿ ಮಲಗಿಕೊಂಡೇ ವಾಸನೆ ಹಿಡಿದು ಹೇಳ್ತೀನಿ. ಕೆಮ್ಮು ಅಂತೀಯಾ, ಅದು ಹಿಟ್ಟಿನ ಧೂಳಿಂದು. ನೀನು ಈ ಮನೆಗೆ ಬರೋ ಮುಂಚೆಯಿಂದಲೂ ಇದೆ."

ಬಾಗಿಲ ಕೆಳಗಿನ ಸಂದಿಗೆ ಸೊಸೆ ಒದ್ದೆ ಬಟ್ಟೆ ತುರುಕುತ್ತಿದ್ದಳು.

ಅವರಿಬ್ಬರದು ಹಾವು ಮುಂಗುಸಿಯ ಸಂಸಾರ. ಹಿಟ್ಟು ನಾದುವುದಕ್ಕೂ ಜಗಳ, ಅಂಗಡಿಯ ಗಾಜು ಒರೆಸುವುದಕ್ಕೂ ಜಗಳ. ನಡುವೆ ನಿಂತು ಇಬ್ಬರನ್ನೂ ನಗಿಸುತ್ತಿದ್ದ ಮಗ ಹೋದ ತಿಂಗಳು ತೀರಿಕೊಂಡಿದ್ದ. ಬರೀ ಶೀತ ಎನ್ನುತ್ತಲೇ ಅಂಗಡಿಯಲ್ಲಿ ನಿಂತವನು, ಉಸಿರು ಸಿಕ್ಕಿಕೊಂಡ ಮೇಲಷ್ಟೇ ಹೆದರಿದ. ಅಷ್ಟರಲ್ಲಿ ಹೊತ್ತು ಮೀರಿತ್ತು. ಆಸ್ಪತ್ರೆಯ ಗಾಡಿ ಬರುವ ತನಕ ಮುದುಕಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸೊಸೆ ಬೇಡಿಕೊಂಡಳು, ಬೈದಳು, ತೋಳು ಹಿಡಿದು ಎಳೆದಳು. ಮುದುಕಿ ಕದಲಲಿಲ್ಲ. ರೋಗ ಆಗ ಅವಳನ್ನು ಮುಟ್ಟದೆ ಬಿಟ್ಟದ್ದೇ ಸೋಜಿಗ.

ಆ ಸಾವಿನ ನಂತರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದನ್ನೇ ಬಿಟ್ಟರು. ಈ ವಾರ ಆರೋಗ್ಯ ಕೇಂದ್ರದ ನರ್ಸ್ ಬಂದು ಇಬ್ಬರ ಮೂಗಿಗೂ ಕಡ್ಡಿ ಹಾಕಿ ಹೋಗಿದ್ದಳು. ಈಗ ಈ ಚಿಲಕ.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ," ಎಂದು ಮುದುಕಿ ಬಾಗಿಲಿಗೆ ಹೇಳಿದಳು. "ನಡೆಸು, ಈಗ ನಿಂದು."

ಮಹಡಿಯ ಆ ಕೋಣೆಗೆ ಅದರದೇ ಬಚ್ಚಲಿತ್ತು, ಬೀದಿಗೆ ತೆರೆಯುವ ಕಿಟಕಿಯಿತ್ತು. ಊಟ ಆ ಕಿಟಕಿಯಿಂದಲೇ ಬಂತು. ಎದುರು ಮನೆಯ ದರ್ಜಿ ಡಬ್ಬಿಯನ್ನು ಅವಳು ಇಳಿಬಿಟ್ಟ ಬುಟ್ಟಿಗಿಟ್ಟ. ಮುದುಕಿ ಹಗ್ಗ ಹಿಡಿದು ಮೇಲೆಳೆದುಕೊಂಡಳು.

"ಯಾಕಪ್ಪಾ, ನನ್ನ ಸೊಸೆಗೆ ಕೈ ಬಿದ್ದುಹೋಗಿದ್ಯಾ?"

ದರ್ಜಿ ಮುಖ ಸಣ್ಣದು ಮಾಡಿಕೊಂಡ. "ನಿಮ್ಮ ಊಟ, ಪಾತ್ರೆ ಯಾವುದನ್ನೂ ಮುಟ್ಟಲ್ಲ ಅಂದ್ರಮ್ಮ. ನೀವೇ ಕೊಡಿ ಅಂತ ಕೇಳಿಕೊಂಡ್ರು."

ಮುದುಕಿ ಡಬ್ಬಿಯನ್ನು ತೆರೆಯದೆ ಪಕ್ಕಕ್ಕಿಟ್ಟಳು. ಮಗ ಇದ್ದಿದ್ದರೆ ಹೀಗಾಗುತ್ತಿತ್ತೇ?

ದಿನಾ ಬೆಳಿಗ್ಗೆ ಸೊಸೆಯ ದನಿ ಮಾತ್ರ ಬರುತ್ತಿತ್ತು. "ಕಿಟಕಿ ತೆಗೆದಿಡಿ. ಜ್ವರ ಇದ್ಯಾ? ಉಸಿರಾಟ ಸಲೀಸಾ?" ಜೈಲಿನ ಹಾಜರಿಯಂತೆ ಅಷ್ಟೇ. ಮುದುಕಿ ಬೈದರೂ ತಿರುಗಿ ಬೈಯುತ್ತಿರಲಿಲ್ಲ. ಒಂದಕ್ಕೆ ಹತ್ತು ಆಡುತ್ತಿದ್ದವಳು ಈಗ ಮಾತನ್ನು ತುಂಡು ತುಂಡಾಗಿ ಎಸೆದು ಹೋಗುತ್ತಿದ್ದಳು. ಬರಬರುತ್ತಾ ಬಾಗಿಲ ತನಕ ಬರುವುದನ್ನೂ ಬಿಟ್ಟಳು. ಮೆಟ್ಟಿಲ ನಡುವೆಯೇ ನಿಂತು ಕೇಳಿ, ಅಲ್ಲಿಂದಲೇ ಇಳಿದುಬಿಡುತ್ತಿದ್ದಳು. ಸೊಕ್ಕು, ಎಂದುಕೊಂಡಳು ಮುದುಕಿ.

ಒಂದು ದಿನ ಕೆಳಗಿನಿಂದ ಹಾಲು ಸೀದ ವಾಸನೆ ಮೇಲಕ್ಕೆ ಬಂತು. "ಒಲೆ ಆರಿಸೇ," ಎಂದು ಕೂಗಿದಳು. ಯಾರೂ ಆರಿಸಲಿಲ್ಲ. ಪಾತ್ರೆಯ ತಳ ಕರಕಲಾಗುವಷ್ಟು ಹೊತ್ತು ಆ ವಾಸನೆ ಕೋಣೆಯಲ್ಲಿ ತುಂಬಿಕೊಂಡಿತ್ತು. ಮುದುಕಿ ಕಿಟಕಿಗೆ ಹೋಗಿ ದರ್ಜಿಯನ್ನು ಕರೆದಳು. "ನನ್ನ ಮಗಳಿಗೆ ಫೋನ್ ಮಾಡಪ್ಪಾ. ನಿನ್ನ ಅಮ್ಮನ್ನ ಜೀವಂತ ಹೂಳ್ತಿದ್ದಾರೆ ಅಂತ ಹೇಳು."

ಮಗಳು ಊರಿನ ಆ ತುದಿಯಿಂದ ಬಂದಳು. ಬೀದಿ ಬಾಗಿಲು ಒಳಗಿನಿಂದ ಭದ್ರವಾಗಿತ್ತು. ಬಡಿದಳು. ಅಂಗಡಿಯ ಗಾಜಿನ ಹಿಂದೆ ಸೊಸೆ ಕಾಣಿಸಿಕೊಂಡಳು. ಮೂಗು ಬಾಯಿಗೆ ಮಾಸ್ಕು, ಒಂದು ಕೈ ಗೋಡೆಯ ಮೇಲೆ.

"ಬಾಗಿಲು ತೆಗಿ, ಅತ್ತಿಗೆ."

"ಬರಬೇಡ."

"ಅಮ್ಮನಿಗೆ ವಾಸನೆ ಗೊತ್ತಾಗ್ತಿದೆ, ಹಸಿವಾಗ್ತಿದೆ, ಬೀದಿಗೆಲ್ಲ ಕೇಳೋ ಹಾಗೆ ಬೈತಿದ್ದಾರೆ. ಅವರು ಕಾಯಿಲೆಯವರ ಥರ ಇದ್ದಾರಾ ನೀನೇ ಹೇಳು."

"ಇಲ್ಲ," ಎಂದಳು ಸೊಸೆ. ಆ ಒಪ್ಪಿಗೆಗೆ ಮಗಳು ದಂಗಾದಳು.

"ಮತ್ತೆ ಯಾಕೆ ಕೂಡಿಹಾಕಿದ್ದೀಯಾ? ಅಣ್ಣ ಹೋದ ಸಿಟ್ಟನ್ನ ಅವರ ಮೇಲೆ ತೀರಿಸ್ಕೊಳ್ತಿದ್ದೀಯಾ?"

ಸೊಸೆ ಗಾಜಿಗೆ ಹಣೆ ಆನಿಸಿದಳು. "ಗಾಡಿಗೆ ಹೇಳಿದ್ದೀನಿ," ಎಂದಳು. "ಬರ್ತಿದೆ." ಮತ್ತೆ ಒಳಗಿನ ಕತ್ತಲಿಗೆ ಸರಿದಳು.

ಹೋದ ತಿಂಗಳು ಆ ಗಾಡಿ ಹತ್ತಿದವನು ತಿರುಗಿ ಬಂದಿರಲಿಲ್ಲ. ಮಗಳು ಕಿಟಕಿಯ ಕೆಳಗೆ ಓಡಿ ಬಂದಳು. "ಅಮ್ಮಾ, ನಿನ್ನನ್ನ ಆಸ್ಪತ್ರೆಗೆ ಸಾಗಿಸೋಕೆ ಹೊರಟಿದ್ದಾಳೆ."

ಮುದುಕಿ ಮಂಚವನ್ನು ಬಾಗಿಲಿಗೆ ಅಡ್ಡ ಎಳೆದು ಅದರ ಮೇಲೆ ಕೂತಳು. ಗಾಡಿ ಬಂದು ನಿಂತದ್ದು ಕೇಳಿತು. ಬಿಳಿ ಉಡುಪಿನವರಿಗೆ ಬೀದಿ ಬಾಗಿಲು ತೆರೆದದ್ದು ಕೇಳಿತು. ಕೆಳಗೆ ಏನನ್ನೋ ಸರಿಸಿದರು, ಯಾರೋ ಮೆಲ್ಲಗೆ ಮಾತಾಡಿದರು. ಮುದುಕಿ ಹಲ್ಲು ಕಚ್ಚಿ ಕಾದಳು. ಮೆಟ್ಟಿಲ ಮೇಲೆ ಒಂದು ಹೆಜ್ಜೆಯೂ ಕೇಳಲಿಲ್ಲ.

ಹೊರಗೆ ಬಂದ ಸ್ಟ್ರೆಚರ್ ಖಾಲಿಯಿರಲಿಲ್ಲ. ಮಗಳು ನುಗ್ಗಿ ಹೋದಳು. ಗಾಡಿಯ ಜೊತೆ ಬಂದಿದ್ದ ಆರೋಗ್ಯ ಕೇಂದ್ರದ ನರ್ಸ್ ಕೈ ಚಾಚಿ ತಡೆದಳು.

"ದೂರ ಇರಿ."

"ಅಮ್ಮ ಮೇಲಿದ್ದಾರೆ. ಇವಳನ್ನ ಯಾಕೆ..."

"ನಿಮ್ಮ ಅಮ್ಮನ ರಿಪೋರ್ಟಲ್ಲಿ ಏನೂ ಇಲ್ಲ. ಬಂದಿರೋದು ಇವರಿಗೆ. ಆಕ್ಸಿಜನ್ ತೀರಾ ಇಳಿದಿದೆ, ಬಿಡಿ."

ಮೇಲಿನ ಕಿಟಕಿಯಿಂದ ಮುದುಕಿ ಕೂಗಿದಳು. "ಯಾರನ್ನೇ ಒಯ್ತಿರೋದು?"

ಮಗಳು ಕಿಟಕಿಯತ್ತ ತಲೆಯೆತ್ತಿ ಬಾಯಿ ತೆರೆದಳು. ಸೊಸೆ ಮುಖದ ಮೇಲಿನ ಕೊಳವೆಯನ್ನು ಪಕ್ಕಕ್ಕೆ ಸರಿಸಿದಳು.

"ಹೇಳಬೇಡ. ಕಾಯಿಲೆ ನನಗೆ ಅಂತ ಗೊತ್ತಾಗಿದ್ರೆ... ಅವರು ನನ್ನ ಪಕ್ಕ ಬಿಟ್ಟು ಏಳ್ತಿರಲಿಲ್ಲ."