ಮುಳಬಾಗಿಲಿನ ಲೈನ್

ಭಾರ್ಗವ್ ವಿಂಡೋಸ್ ಸಿಡಿಯನ್ನು ಡ್ರೈವಿನ ತಟ್ಟೆಯ ಮೇಲೆ ಇಟ್ಟೇಬಿಟ್ಟ. "ಅಕ್ಕಾ, ಸಾಕು ಕಣೇ. ನಿನ್ನ ಲಿನಕ್ಸ್ ಅಳಿಸಿಬಿಡ್ತೀನಿ. ಇಂಟರ್‌ನೆಟ್ ಬರ್ದಿರೋ ಕಂಪ್ಯೂಟರ್ ಇಟ್ಕೊಂಡು ಪೂಜೆ ಮಾಡ್ಬೇಕಾ?"

"ತಾಳೋ, ಇನ್ನೊಂದೇ ಒಂದು ಸಲ," ಎಂದಳು ಪ್ರಿಯಂವದಾ. ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿಡಿಯಿಂದ ವಿಂಡೋಸ್ ಬದಲು ಲಿನಕ್ಸ್ ಹಾಕಿ, ಫೋನ್ ಲೈನಿನಿಂದ ಇಂಟರ್‌ನೆಟ್ ತರುವ ಮೋಡೆಮ್ಮಿಗೆ ಅದನ್ನು ನಡೆಸುವ ಡ್ರೈವರನ್ನೂ ತಾನೇ ಕಂಪೈಲ್ ಮಾಡಿದ್ದಳು. ಪರದೆಯ ಮೇಲೆ ಮತ್ತದೇ ಸಾಲು: ಡಯಲ್ ಟೋನ್ ಇಲ್ಲ. ಕೋಲಾರದ ಸೈಬರ್ ಕೆಫೆಯಿಂದ ಲಿನಕ್ಸ್ ಬಳಗಕ್ಕೆ ಬರೆದು ಕೇಳಿದ್ದಕ್ಕೆ, ನಿಮ್ಮೂರಿನ ಲೈನೇ ಕೆಟ್ಟಿರಬೇಕು ಎಂದು ಯಾರೋ ಉತ್ತರಿಸಿದ್ದರು.

ಅವಳು ಫೋನಿನ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡಳು. ಟೋನ್ ಗುಂಯ್ ಎನ್ನುತ್ತಿತ್ತು. ಹಾಗೇ ಹಿಡಿದು ನಿಂತಳು. ಟೋನ್ ಇದೆ, ಮೋಡೆಮ್ಮಿಗೆ ಅದರ ಗುರುತಿಲ್ಲ. ಅದು ಕಾಯುತ್ತಿರುವುದು ಅಮೆರಿಕದ ಟೋನಿಗೆ! ವಿಂಡೋಸ್‌ನಲ್ಲಾದರೆ ದೇಶ ಭಾರತ ಎಂದು ಮೊದಲೇ ಆರಿಸಿಟ್ಟಿತ್ತು, ಲಿನಕ್ಸ್‌ನಲ್ಲಿ ಅದನ್ನು ಮೋಡೆಮ್ಮಿಗೆ ಯಾರೂ ಹೇಳಿರಲಿಲ್ಲ.

ರಿಸೀವರ್ ಇಟ್ಟು, ಮೋಡೆಮ್ಮಿಗೆ ಕೊಡುವ ಆಜ್ಞೆಗೆ 'ಎಕ್ಸ್ 3' ಸೇರಿಸಿದಳು. ಟೋನಿಗೆ ಕಾಯದೆ ನಂಬರ್ ಒತ್ತು ಎಂದು ಅದರ ಅರ್ಥ. ಮೋಡೆಮ್ ಡಯಲ್ ಮಾಡಿತು, ಒಂದು ಕ್ಷಣ ಸುಮ್ಮನಾಯಿತು, ಆಮೇಲೆ ಸಂಪರ್ಕ ಸಿಕ್ಕಿ ಮನೆಯೆಲ್ಲ ಕೇಳುವಂತೆ ಕಿರುಚಿತು.

"ಲೋ ಭಾರ್ಗವಾ! ನಾನು ಫೋನ್ ಮಾಡ್ಬೇಕು, ನಿನ್ನ ಇಂಟರ್‌ನೆಟ್ ನಿಲ್ಸೋ!" ಅಡುಗೆಮನೆಯಿಂದ ಅಮ್ಮ ಕೂಗಿದರು.

"ನಂದಲ್ಲಮ್ಮಾ, ಅಕ್ಕಂದು!" ಎನ್ನುತ್ತ ಭಾರ್ಗವ್ ಸಿಡಿಯನ್ನು ತಟ್ಟೆಯಿಂದ ತೆಗೆದು ಕವರಿಗೆ ಹಾಕಿದ.

ಪ್ರಿಯಂವದಾ ಆಗಲೇ ಬಳಗಕ್ಕೆ ಉತ್ತರ ಬರೆಯತೊಡಗಿದ್ದಳು: ಮುಳಬಾಗಿಲಿನ ಲೈನ್ ಸರಿಯಾಗಿಯೇ ಇದೆ.