ಮುಂದೆ ನಡೆಯುವವನು

"ಇವತ್ತು ಇವರನ್ನ ಸೇರಿಸಿಕೊಳ್ಳಲೇಬೇಕು ಡಾಕ್ಟ್ರೇ. ಇಲ್ಲಾಂದ್ರೆ ಮಗಳನ್ನ ಕರ್ಕೊಂಡು ನಾನು ತವರಿಗೆ ಹೋಗ್ತೀನಿ."

ಹೇಳುತ್ತಲೇ ಅವಳು ಕುರ್ಚಿಯನ್ನು ಬಾಗಿಲಿನ ಕಡೆ ತಿರುಗಿಸಿಕೊಂಡು ಕೂತಳು. ಬೇಕರಿಯಿಂದ ನೇರವಾಗಿ ಬಂದಿದ್ದ ಗಂಡ ಉಗುರಿನ ಸಂದಿಯ ಹಿಟ್ಟು ಕೆರೆಯುತ್ತಿದ್ದ. ಯುದ್ಧ ಮುಗಿದು ವರ್ಷಗಳಾದರೂ ಅವರ ಮನೆಯಲ್ಲಿ ಅದು ಮುಗಿದಿರಲಿಲ್ಲ.

"ಏನು ಮಾಡ್ತಾರೆ?"

"ಏನು ಮಾಡಲ್ಲ ಕೇಳಿ! ಕರೆಗಂಟೆಯ ತಂತಿ ಕಿತ್ತಿದಾರೆ. ಚಾಕುಗಳಿಗೆಲ್ಲ ಬೀಗ. ಎಲ್ಲಿಗೆ ಹೋದ್ರೂ ಇವರೇ ಮುಂದೆ, ನಾನು ಹಿಂದೆ. ಅಡುಗೆಮನೆಗೂ! ಮಗಳನ್ನಂತೂ ನನ್ನ ಹತ್ರ ಒಂದು ಗಳಿಗೆ ಒಂಟಿಯಾಗಿ ಬಿಡಲ್ಲ."

ಉಳಿದದ್ದನ್ನೆಲ್ಲ ಹಲ್ಲು ಕಚ್ಚಿ ಸಹಿಸಿದ್ದಳು, ಇದೊಂದು ಆಗಲಿಲ್ಲ. ಹೆತ್ತ ಮಗಳ ಜಡೆ ಹೆಣೆಯುವುದಕ್ಕೂ ಗಂಡನ ಕಾವಲು!

ಡಾಕ್ಟರು ಅವನತ್ತ ನೋಡಿದರು.

"ಎಲ್ಲಾ ನಿಜ," ಎಂದ ಅವನು.

"ಮುಂದೆ ಯಾಕೆ ನಡೀತಾರೆ ಅನ್ಸುತ್ತೆ ನಿಮಗೆ?" ಡಾಕ್ಟರು ಅವಳನ್ನು ಕೇಳಿದರು.

"ಮೈನ್ ಬಾಂಬು ಹೂತಿರೋ ನೆಲ ಅಂತ. ಮುಂದೆ ಹೋದವರ ಹೆಜ್ಜೆ ಮೇಲೇ ಹೆಜ್ಜೆ ಇಡಬೇಕು, ಬೆರಳಗಲ ಆಚೀಚೆ ಆಗಬಾರದು."

"ಅವರು ಹೇಳಿದ್ರಾ?"

"ಇವರಾ? ಯುದ್ಧದ ಒಂದು ಮಾತೂ ಇವರ ಬಾಯಿಂದ ಹೊರಟಿಲ್ಲ. ಅದೇನು ಮಹಾ, ಎಲ್ರಿಗೂ ಗೊತ್ತಿರೋದೇ."

"ಆಗ ನೀವೆಲ್ಲಿದ್ರಿ?"

"ಮನೇಲಿ. ಇನ್ನೆಲ್ಲಿ?"

ಅದಕ್ಕಿಂತ ಹೆಚ್ಚು ನೆನಪಿಸಿಕೊಳ್ಳಲು ಹೋದರೆ ಅವಳಿಗೆ ತಲೆ ಸಿಡಿಯುತ್ತಿತ್ತು. ಹಾಗಾಗಿ ಆ ಗೋಜಿಗೇ ಹೋಗುತ್ತಿರಲಿಲ್ಲ.

ಡಾಕ್ಟರು ಎದ್ದರು. "ಸರಿ, ಸೇರಿಸಿಕೊಳ್ತೀವಿ. ಕೋಣೆ ಸಿದ್ಧವಾಗಿದೆ."

ಅವಳ ಎದೆ ಹಗುರಾಯಿತು. ಅದರ ಹಿಂದೆಯೇ ಸಂಕಟವೂ ಆಯಿತು. ಏನೇ ಆದರೂ ಕೈ ಹಿಡಿದವನು.

ಕಾರಿಡಾರಿನ ಕೊನೆಯಲ್ಲಿ ಕೋಣೆ. ಎಂದಿನಂತೆ ಗಂಡನೇ ಮೊದಲು ಹೊಕ್ಕ. ಗೋಡೆಯಿಂದ ಗೋಡೆಗೆ, ಒಂದು ಟೈಲನ್ನೂ ಬಿಡದೆ, ಹೆಜ್ಜೆ ಊರಿ ನಡೆದ. ಮಂಚದ ಸುತ್ತ ಮತ್ತೊಮ್ಮೆ ನಡೆದ.

"ನೋಡಿದ್ರಾ!" ಎಂದಳು ಅವಳು, ಹೊಸ್ತಿಲಿನ ಆಚೆಯೇ ನಿಂತು.

ಅವನು ಹೊರಗೆ ಬಂದು ಅವಳ ತಲೆ ನೇವರಿಸಿದ. ಕಣ್ಣು ತುಂಬಿತ್ತು. ಅವಳಿಗೂ ಅಳು ಬಂತು, ಆದರೆ ಮನಸ್ಸು ಗಟ್ಟಿ ಮಾಡಿಕೊಂಡಳು.

"ಹೋಗಿ, ಮಲಗಿ. ಮಗಳನ್ನ ನಾನು ನೋಡ್ಕೋತೀನಿ."

ಅವನು ಕದಲಲಿಲ್ಲ.

"ಯುದ್ಧಕ್ಕೆ ಹೋಗಿದ್ದು ಅವರಲ್ಲ, ಕ್ಯಾಪ್ಟನ್," ಎಂದು ಡಾಕ್ಟರು ಮೆಲ್ಲಗೆ ಅವಳ ತೋಳು ಹಿಡಿದರು. "ಈ ಕೋಣೆ ನಿಮಗೆ."