ಅಪ್ಪನ ಗಾಡಿ ಬೀದರಿಗೆ ಹೋದ ದಿನ

ಸುಟ್ಟ ಇಂಜಿನ್ ಆಯಿಲ್ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ತೀರಿಕೊಂಡು ತಿಂಗಳಾಗಿತ್ತು. ಅವನ ಕ್ಲಬ್ಬಿನವರು ತಮ್ಮ ಹಳೇ ಮೋಟಾರ್‌ಸೈಕಲ್ಲುಗಳನ್ನೇರಿ ಬೀದರಿನ ಮೇಳಕ್ಕೆ ಹೊರಟಿದ್ದರು. ಅಲ್ಲಿ ವಿಮಾನಗಳ ಪ್ರದರ್ಶನವೂ ಇತ್ತು. ಅಪ್ಪನ ಗೆಳೆಯ ಚಾಂದ್ ಚಾಚಾ ಭಾಲ್ಕಿಯ ನಮ್ಮ ಮನೆಗೆ ಬಂದು ಅವ್ವನಿಗೆ, "ಭಾಬಿ, ಭಾಯಿ ಗಾಡಿ ನಾ ಹೊಡ್ಕೊಂಡು ಬರ್ತೇನಿ. ನೀವೂ ಬರ್ರಿ," ಅಂದ. ನಾನೂ ಅವ್ವನೂ ಬಸ್ಸಿನಲ್ಲಿ ಹೋದೆವು.

ವಿಮಾನಗಳು ತಲೆಯ ಮೇಲೆ ಗುಡುಗಿದಾಗ ಎಲ್ಲರೂ ಆಕಾಶ ನೋಡಿದರು. ಅವ್ವ ಮಾತ್ರ ಆಗಷ್ಟೇ ಬಂದು ನಿಂತ ಅಪ್ಪನ ಗಾಡಿಯ ಇಂಜಿನ್ನಿನ ಮೇಲೆ ಅಂಗೈ ಊರಿ ನಿಂತಿದ್ದಳು.

"ಅವ್ವಾ, ಕೈ ಸುಡ್ತದ!" ಎಂದು ಸೀರೆ ಜಗ್ಗಿದೆ.

"ಸುಡ್ಲಿ ಬಿಡು. ಅವರ್ನ ಮನಿಗಿ ತಂದಾಗ ಮೈಯೆಲ್ಲ ತಣ್ಣಗಿತ್ತು," ಅಂದಳು.

ಚಾಚಾ ಓಡಿಬಂದು ಕೈ ಬಿಡಿಸಿದ. ಅಂಗೈ ತುಂಬ ಬೊಬ್ಬೆಗಳು ಎದ್ದಿದ್ದವು. ಬಿಕ್ಕಿ ಬಿಕ್ಕಿ ಅತ್ತವನು ಚಾಚಾ, ಅವ್ವ ಅಳಲಿಲ್ಲ.